ಪುರೋಹಿತರಿಲ್ಲದ ಮದುವೆಯ ಪುರೋಹಿತರು

ಮದುವೆಗೆ ಪುರೋಹಿತರು ಬೇಡ ಅಂದುಬಿಟ್ಟರೆ ಆ ಮಣೆಯ ಮೇಲೆ ಕೂರಲು ಮನೆಮಂದಿಯೆಲ್ಲ ತಯಾರಾಗುತ್ತಾರೆ. ಅಕ್ಕನ ಮಗಳ ಮದುವೆಯಲ್ಲಿ ಕಂಡದ್ದು ಇದು. "ಜಾತಕ ಬೇಡ, ಮುಹೂರ್ತ ಬೇಡ, ಕನ್ಯಾದಾನವಂತೂ ಬೇಡವೇ ಬೇಡ. ದಾನ ಕೊಡೋಕೆ ನಾನೇನು ಕುಂಬಳಕಾಯಾ?" ಅಂದಳು ಹುಡುಗಿ. ಹುಡುಗ ಹೂಂ ಅಂದ. ಅವನು ಎಲ್ಲದಕ್ಕೂ ಹೂಂ ಅನ್ನುವವನು. ಸಂಸಾರದಲ್ಲಿ ಮುಂದೆ ಬರುತ್ತಾನೆ.

ಇದೇನೂ ಹೊಸ ಕ್ರಾಂತಿಯಲ್ಲ. ಕುವೆಂಪು ಮಂತ್ರ ಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅದರಂತೆಯೇ ಮಾಡಿ ತೋರಿಸಿದ್ದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವಧೂವರರು ಅರ್ಥ ತಿಳಿದು ಹೇಳುವ ಮಾತುಗಳೇ ಮುಖ್ಯ. ನಮ್ಮ ಹುಡುಗಿ ಅಷ್ಟಕ್ಕೇ ನಿಲ್ಲಲಿಲ್ಲ. "ನಮ್ಮ ಮಾತು ನಾವೇ ಬರ್ಕೋತೀವಿ ಮಾವ. ನೆಂಟರು, ಫ್ರೆಂಡ್ಸು ಎಲ್ಲರೂ ಏನಾದರೊಂದು ಮಾಡಬೇಕು" ಅಂದಳು. ಎಲ್ಲರೂ ಮಾಡಿದರು.

ಅವಳ ದೊಡ್ಡಪ್ಪ ವಿಶ್ವಮಾನವ ಸಂದೇಶದ ಮೇಲೆ "ಎರಡೇ ಮಾತು" ಬರೆದು ತಂದರು. ಓದಿ ಮುಗಿಸುವಷ್ಟರಲ್ಲಿ ಕಾಫಿ ಎರಡು ಸಲ ಬಂತು. ಚಿಕ್ಕಮ್ಮ ಭಾವಗೀತೆಯ ತಂಡ ಕಟ್ಟಿ, ಶ್ರುತಿಯ ವಿಷಯಕ್ಕೆ ಜಗಳವಾಗಿ, ಎರಡು ತಂಡ ಮಾಡಿದರು. ನಿವೃತ್ತ ಹೆಡ್ಮಾಸ್ಟರಾದ ನಮ್ಮ ಭಾವ ವರನ ಪ್ರಮಾಣ ವಚನವನ್ನು ಕೆಂಪು ಇಂಕಿನಲ್ಲಿ ತಿದ್ದಿದರು. "ವಾರಕ್ಕೆ ನಾಲ್ಕು ದಿನ ಅಡುಗೆ ನನ್ನದು" ಅಂತ ಇದ್ದದ್ದನ್ನು "ಗೃಹಕೃತ್ಯದಲ್ಲಿ ಸಹಭಾಗಿಯಾಗುವೆನು" ಮಾಡಿದರು. ಹುಡುಗಿ ಸೀದಾ ಬಂದು, "ನಾಲ್ಕು ದಿನ ಎಲ್ಲಿ ಹೋಯ್ತು?" ಅಂತ ವಾಪಸ್ ಹಾಕಿಸಿದಳು. ಹುಡುಗನ ತಾಯಿ ಮಾತ್ರ, "ಮೊದಲು ಒಲೆ ಹಚ್ಚೋದು ಕಲೀಲಿ" ಅಂದರು.

ಇಷ್ಟೆಲ್ಲ ಆದರೂ ಕಾನೂನಿಗೆ ಇದು ಬರೀ ಸಮಾರಂಭ. ಇವರು ಆರಿಸಿಕೊಂಡದ್ದು 1954ರ ವಿಶೇಷ ವಿವಾಹ ಕಾಯ್ದೆ. ಅದರ ಪ್ರಕಾರ ನೋಟಿಸು ಕೊಡಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ಸಹಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಟಿಸು ಹಚ್ಚಿದ್ದನ್ನು ಕೇಳಿ ನಮ್ಮಮ್ಮ, "ನನ್ನ ಮದುವೇಲಿ ಆಕ್ಷೇಪಣೆ ನನಗೇ ಇತ್ತು. ಯಾರು ಕೇಳಿದ್ರು?" ಅಂದಳು. ಸಾಕ್ಷಿಗಳು ಮೂವರೇ ಅಂದದ್ದೇ ದೊಡ್ಡ ತಲೆನೋವಾಯಿತು. ಕಾಯ್ದೆ ಬರೆದವರಿಗೆ ಸೋದರಮಾವ, ಸೋದರತ್ತೆ, ಚಿಕ್ಕಪ್ಪ, ದೊಡ್ಡಪ್ಪ ಇದ್ದಂತೆ ಕಾಣುವುದಿಲ್ಲ. ಸಹಿ ಸಿಗದವರನ್ನು ಭಾಷಣ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಆದರೆ ನಿಜವಾದ ಕಷ್ಟ ತಂದಿಟ್ಟವಳೂ ಅಮ್ಮನೇ. "ಅದೆಲ್ಲ ಸರಿ, ಅಕ್ಷತೆ ಯಾವಾಗ ಹಾಕೋದು?" ವಿಚಾರವಾದಿಗಳೆಲ್ಲ ಮುಖ ಮುಖ ನೋಡಿಕೊಂಡರು. ಗಟ್ಟಿಮೇಳವಿಲ್ಲದಿದ್ದರೆ ಮದುವೆ ಆಯಿತೆಂದು ಗೊತ್ತಾಗುವುದು ಹೇಗೆ? ಗೊತ್ತಾಗದೆ ಊಟಕ್ಕೆ ಏಳುವುದು ಹೇಗೆ? ಹೆಡ್ಮಾಸ್ಟರ್ ಭಾವ ಶಾಲೆಯ ಗಂಟೆ ತರಿಸೋಣ ಅಂದರು. ಹುಡುಗನ ಸ್ನೇಹಿತರು ಚಪ್ಪಾಳೆ ಸಾಕು ಅಂದರು. ಭಾಷಣಗಳಿಗೂ ಚಪ್ಪಾಳೆಯಾದ್ದರಿಂದ ಅಕ್ಷತೆಯೆಲ್ಲ ದೊಡ್ಡಪ್ಪನ ತಲೆಗೇ ಬೀಳುವ ಸಂಭವವಿತ್ತು. ಕೊನೆಗೆ ಅಮ್ಮನೇ, "ಓಲಗದೋರನ್ನ ಕರೀರಿ. ಓಲಗ ಊದೋಕೆ ಮಂತ್ರ ಯಾಕೆ ಬೇಕು?" ಅಂದಳು. ಆ ಮನೆಯಲ್ಲಿ ನಡೆದ ಚರ್ಚೆಗಳಲ್ಲಿ ತೀರ್ಮಾನ ಕಂಡದ್ದು ಅದೊಂದೇ.

ನನಗೆ ಸಿಕ್ಕಿದ್ದು ನಿರೂಪಣೆ, ಅಂದರೆ ಮೈಕು ಕಸಿದುಕೊಳ್ಳುವ ಕೆಲಸ. ಅದನ್ನು ನಿರ್ದಾಕ್ಷಿಣ್ಯವಾಗಿ ಮಾಡಿದೆ. ಒಂದು ಮಾತು ಹೇಳಲೇಬೇಕು: ಮುಹೂರ್ತದ ಹೊತ್ತಿನಲ್ಲಿ ಚಿನ್ನದ ರೇಟು ಮಾತಾಡುವ ನಮ್ಮ ನೆಂಟರು ಅಂದು ವಧೂವರರ ಮಾತನ್ನು ಕಿವಿಗೊಟ್ಟು ಕೇಳಿದರು. "ನಾಲ್ಕು ದಿನ" ಬಂದಾಗ ಹೆಂಗಸರ ಸಾಲಿನಿಂದ ಬಂದ ಚಪ್ಪಾಳೆಗೆ ಓಲಗದವರು ತಪ್ಪು ತಿಳಿದು ಗಟ್ಟಿಮೇಳ ಊದಿಯೇಬಿಟ್ಟರು. ಅಕ್ಷತೆ ಬಿತ್ತು. ಅಲ್ಲಿಗೆ ಮದುವೆಯಾಯಿತು; ಉಳಿದ ಭಾಷಣಗಳು ಹಾಗೇ ಉಳಿದವು.

ನಿಮಗೂ ಇಂಥ ಮದುವೆಯ ಕರೆ ಬಂದರೆ ದಯವಿಟ್ಟು ಹೊತ್ತಿಗೆ ಸರಿಯಾಗಿ ಹೋಗಿ. ಊಟದ ಸಮಯಕ್ಕೆ ತಲುಪಿದರಾಯಿತು ಅಂದುಕೊಂಡು ಹೊರಟರೆ ನಿಮಗೆ ಊಟ ಮಾತ್ರ ಸಿಗುತ್ತದೆ.