ಎಂಟು ಕೆಜಿ ಸ್ಪ್ರಿಂಗು

"ಅಂಕಲ್, ಮುಂದಕ್ಕೆ ಎಂಟು ಕೆಜಿ ಸ್ಪ್ರಿಂಗ್ ಹಾಕಿಸ್ತಾ ಇದೀನಿ" ಅಂದ ಪಕ್ಕದ್ಮನೆ ಹುಡುಗ, ಕಾಂಪೌಂಡ್ ಗೋಡೆಗೆ ಒರಗಿಕೊಂಡು. ಅಲ್ಲೇ ದಾಸವಾಳ ಬಿಡಿಸುತ್ತಿದ್ದ ಅವನಜ್ಜಿ, "ಎಂಟೇ ಕೆಜಿನಾ? ಕಾರು ಅಷ್ಟು ಭಾರ ಇರುತ್ತಲ್ಲೋ, ತಡೆಯುತ್ತಾ?" ಅಂದರು. ಹುಡುಗ ನಕ್ಕ. ನನಗೇನೂ ನಗು ಬರಲಿಲ್ಲ. ಆ ಎಂಟು ಕೆಜಿ ಸ್ಪ್ರಿಂಗಿನ ತೂಕವಲ್ಲ, ಅದು ಹೊರುವ ಭಾರವೂ ಅಲ್ಲ. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅದುಮಲು ಬೇಕಾದ ಭಾರ. ಗ್ಯಾರೇಜಿನವರು ಮಿಲಿಮೀಟರನ್ನು ನುಂಗಿ ಬರೀ ಕೆಜಿ ಅಂದರೆ ಅಜ್ಜಿಗಾದರೂ ಹೇಗೆ ತಿಳಿಯಬೇಕು?

ಎಂಟೇ ಯಾಕಪ್ಪಾ ಅಂತ ಕೇಳಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಸಿಕ್ಕ ಯಾರೋ ಒಬ್ಬ ಅಷ್ಟು ಹಾಕಿದ್ದಾನಂತೆ. ಅವನ ಕಾರಿಗೆ ಹಿಂದಿನ ಸೀಟೇ ಇಲ್ಲ. ಟ್ರ್ಯಾಕಿಗೆ ಅದು ಬರುವುದೂ ಲಾರಿ ಮೇಲೆ. ನಮ್ಮವನದು ಸುಮಾರು 1100 ಕೆಜಿಯ ಹ್ಯಾಚ್‌ಬ್ಯಾಕು. ವಾರವೆಲ್ಲ ಆಫೀಸಿಗೆ ಓಡಾಡಿ, ಅದೇ ಕಾರಿನಲ್ಲಿ ಮೈಸೂರಿನಿಂದ ಚಾಮರಾಜನಗರ, ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಸತ್ಯಮಂಗಲದ ಮೇಲೆ ಕೊಯಮತ್ತೂರು ಸೇರಬೇಕು. ಟ್ರ್ಯಾಕಿನಲ್ಲಿ ಸುತ್ತು ಹೊಡೆದು ಅದೇ ದಾರಿಯಲ್ಲಿ ವಾಪಸ್. ಪಕ್ಕದವನ ಅಳತೆಗೆ ಅಂಗಿ ಹೊಲಿಸಿಕೊಂಡ ಹಾಗಾಯಿತು.

ನನ್ನ ತಕರಾರು ಇಷ್ಟೇ: ಇನ್ನೊಬ್ಬರ ಕೆಜಿಯನ್ನು ಕಡ ತರಬಾರದು. ಕೇಳಬೇಕಾದ್ದು, ನಿನ್ನ ಕಾರಿನ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತೆ ಅಂತ. ಅದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಮನೆಮಂದಿ ಓಡಾಡುವ ಕಾರುಗಳು 1ರಿಂದ 1.5ರ ಒಳಗೆ, ಸ್ವಲ್ಪ ಬಿಗಿ ಅನ್ನಿಸುವವು 2ರವರೆಗೆ, ರೆಕ್ಕೆಗಿಕ್ಕೆ ಇಲ್ಲದ ರೇಸ್ ಕಾರುಗಳು 2ರಿಂದ 2.5. ಗಾಳಿಯ ಒತ್ತಡದಿಂದಲೇ ನೆಲ ಕಚ್ಚುವ ಕಾರುಗಳದು ಅದಕ್ಕೂ ಮೇಲೆ, ಅದು ನಮಗೆ ಬೇಡ.

ಹಾಲಿನ ಲೆಕ್ಕದ ಚೀಟಿ ತಿರುಗಿಸಿ ಗೋಡೆ ಮೇಲೇ ಬರೆದು ತೋರಿಸಿದೆ. ಮುಂದಿನ ಒಂದೊಂದು ಚಕ್ರದ ಮೇಲೆ ಸ್ಪ್ರಿಂಗ್ ಹೊರುವ ಭಾರ 330 ಕೆಜಿ ಅಂದುಕೊಳ್ಳೋಣ. ಎಂಟು ಕೆಜಿ ಹಾಕಿದರೆ ಹತ್ತಿರ ಹತ್ತಿರ 2.5 ಹರ್ಟ್ಸ್ ಬರುತ್ತದೆ, ಅಪ್ಪಟ ರೇಸ್ ಕಾರು. ಇನ್ನೊಂದು ಸುಲಭದ ಲೆಕ್ಕವಿದೆ: 25ನ್ನು ಆ ಹರ್ಟ್ಸ್‌ನ ವರ್ಗದಿಂದ ಭಾಗಿಸಿದರೆ, ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಗ್ಗಿ ನಿಂತಿರುತ್ತದೆ ಅಂತ ಸಿಗುತ್ತದೆ. 1.2ಕ್ಕೆ 17, 2.5ಕ್ಕೆ ಬರೀ 4.

"ನಾಲ್ಕೇ ತಾನೇ, ಒಳ್ಳೇದಲ್ವಾ ಅಂಕಲ್?"

ಅಲ್ಲಿಯೇ ಇರೋದು ಕಷ್ಟ. ಕುಗ್ಗಿದಷ್ಟೇ ತಾನೇ ಸ್ಪ್ರಿಂಗು ವಾಪಸ್ ಹಿಗ್ಗೋದು? ರಸ್ತೆಯಲ್ಲಿ ಆರು ಸೆಂಟಿಮೀಟರ್ ಆಳದ ಗುಂಡಿ ಬಂದರೆ, ನಾಲ್ಕು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಸ್ಪ್ರಿಂಗಿನ ತ್ರಾಣ ಮುಗಿಯಿತು; ಆಮೇಲೆ ಟೈರನ್ನು ನೆಲಕ್ಕೆ ಒತ್ತುವವರು ಯಾರೂ ಇಲ್ಲ. ಬ್ರೇಕ್ ಹಾಕುತ್ತಾ ಇಳಿಯುವ ಘಾಟಿಯಲ್ಲಿ ಅದೇನು ಹಿತವಲ್ಲ. ಬಿಗಿ ಸ್ಪ್ರಿಂಗಿನ ಬಗ್ಗೆ ಎಲ್ಲರೂ ಸೊಂಟನೋವಿನ ಮಾತೇ ಆಡುತ್ತಾರೆ. ನನಗೆ ಸೊಂಟಕ್ಕಿಂತ ಚಕ್ರ ನೆಲ ಬಿಡುವುದರ ಚಿಂತೆ.

ಹಂಪುಗಳ ಕತೆ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರಿನಲ್ಲಿ ಸಲೀಸಾಗಿ ದಾಟುವ ಹಾಗೆ. ನಮ್ಮ ಬೀದಿಯವರು ಉಳಿದ ಕಾಂಕ್ರೀಟಿನಲ್ಲಿ ಒಂದೂವರೆ ಅಡಿ ಅಗಲಕ್ಕೆ ದಿಣ್ಣೆ ಕಟ್ಟಿದ್ದಾರೆ. ಅದರ ಮೇಲೆ ಸ್ಪ್ರಿಂಗಿನ ಲೆಕ್ಕ ನಡೆಯುವುದಿಲ್ಲ, ದೇವರ ದಯೆ ನಡೆಯುತ್ತದೆ.

ಹಾಗಾದರೆ ಎಷ್ಟು? ನನ್ನ ಕೇಳಿದರೆ ಮುಂದೆ 1.7ರ ಆಸುಪಾಸು ಸಾಕು. ಕೆಜಿಯಲ್ಲಿ ಅದು ನಾಲ್ಕು. ಎಂಟರ ಕನಸು ಕಂಡವನ ಮುಖ ಸಪ್ಪಗಾಯಿತು. "ಹಿಂದಕ್ಕೆ ಐದು ಚಿಲ್ಲರೆ ಹಾಕು" ಅಂದಾಗ ಮತ್ತೆ ಅರಳಿತು. ಅಜ್ಜಿ ತಕ್ಷಣ, "ಹಂಗಿದ್ರೆ ಮುಂದಿನ ಸೀಟು ನಂದು" ಅಂದುಬಿಟ್ಟರು.

ಅಜ್ಜಿ ಹೆದರಬೇಕಾದ್ದಿಲ್ಲ. ಹಿಂದಿನ ಸ್ಪ್ರಿಂಗು ಚಕ್ರದ ನೇರಕ್ಕಿಲ್ಲ, ತೋಳಿನ ಮೇಲೆ ಒಳಗೆ ಕೂತಿದೆ. ಚಕ್ರ 10 ಮಿಲಿಮೀಟರ್ ಎದ್ದರೆ ಸ್ಪ್ರಿಂಗು 7 ಕುಗ್ಗುತ್ತದೆ ಅಂತಿಟ್ಟುಕೊಂಡರೆ, ಚಕ್ರದ ಹತ್ತಿರ ಸಿಗುವ ಬಿಗಿ ಹತ್ತರಲ್ಲಿ ಏಳರಷ್ಟಲ್ಲ, ಅದರ ವರ್ಗ, ಅಂದರೆ ಅರ್ಧಕ್ಕರ್ಧ. ಸನ್ನೆ ಬಲವನ್ನೂ ತಗ್ಗಿಸುತ್ತದೆ, ದೂರವನ್ನೂ ತಗ್ಗಿಸುತ್ತದೆ. ಒಬ್ಬನೇ ಓಡಿಸುವಾಗ ಹಿಂದೆ 1.85 ಹರ್ಟ್ಸ್ ಇರುವುದು, ಅಜ್ಜಿ, ಅಪ್ಪ, ಅಮ್ಮ, ಮೇಲುಕೋಟೆಯ ಪುಳಿಯೋಗರೆ ಗೊಜ್ಜಿನ ಡಬ್ಬ ಎಲ್ಲ ಹತ್ತಿದ ಮೇಲೆ 1.5ಕ್ಕೆ ಇಳಿಯುತ್ತದೆ.

ಹಿಂದಿನದು ಮುಂದಿನದಕ್ಕಿಂತ ಚೂರು ಚುರುಕಾಗಿರಲಿ ಅನ್ನುವುದಕ್ಕೂ ಕಾರಣವಿದೆ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಬ್ರಿಟಿಷ್ ಎಂಜಿನಿಯರು, ಒಂದು ದೊಡ್ಡ ಕಾರಿನ ಹಿಂದೆ ಮುಂದೆ ತೂಕಗಳನ್ನು ಸರಿಸಿ ಸರಿಸಿ ಇದನ್ನು ಪರೀಕ್ಷಿಸಿದ. ಹಂಪು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ತಡವಾಗಿ ಎದ್ದ ಹಿಂಭಾಗ ಬೇಗ ಕುಣಿದು ಮುಂಭಾಗವನ್ನು ಹಿಡಿದುಬಿಟ್ಟರೆ ಕಾರು ತಲೆ ಆಡಿಸುವುದು ನಿಲ್ಲುತ್ತದೆ. ನಮ್ಮವನದು ಮುಂದಿನ ಚಕ್ರ ಎಳೆಯುವ ಕಾರಾದ್ದರಿಂದ ಟ್ರ್ಯಾಕಿನಲ್ಲೂ ಲಾಭ. ಹಿಂದೆ ಬಿಗಿಯಿದ್ದರೆ ತಿರುವಿನಲ್ಲಿ ಮೂತಿ ಹೊರಗೆ ಜಾರುವುದು ಕಡಿಮೆ.

"ಆದ್ರೆ ಬಾಡಿ ವಾಲುತ್ತಲ್ಲ ಅಂಕಲ್, ಎಂಟು ಹಾಕಿದ್ರೆ ಭಾರ ಒಂದು ಕಡೆ ಹೋಗಲ್ಲ." ಇದು ಎಲ್ಲ ಹುಡುಗರೂ ನಂಬುವ ಮಾತು. ತಿರುವಿನಲ್ಲಿ ಹೊರಚಕ್ರಕ್ಕೆ ಒಟ್ಟು ಎಷ್ಟು ಭಾರ ಹೋಗುತ್ತದೆ ಅನ್ನುವುದು ಕಾರಿನ ತೂಕ, ಅದರ ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ಎಷ್ಟು ಜೋರಾಗಿ ತಿರುಗಿಸಿದೆ ಇವುಗಳ ಮೇಲಿದೆ. ಸ್ಪ್ರಿಂಗು ತೀರ್ಮಾನಿಸುವುದು, ಅದರಲ್ಲಿ ಮುಂದಿನದಕ್ಕೆಷ್ಟು ಹಿಂದಿನದಕ್ಕೆಷ್ಟು ಅನ್ನುವ ಪಾಲನ್ನು. ವಾಲುವುದೇ ಕಣ್ಣಿಗೆ ಚುಚ್ಚುತ್ತಿದ್ದರೆ ದಪ್ಪನೆಯ ಆ್ಯಂಟಿ ರೋಲ್ ಬಾರ್ ಹಾಕಿಕೊಳ್ಳಲಿ.

ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಆಗಲ್ವಾ ಅಂತಲೂ ಕೇಳಿದ. ಆರು ಸುತ್ತಿನಲ್ಲಿ ಒಂದು ಹೋದರೆ ಬಿಗಿ ಶೇ. 20 ಏರುತ್ತದೆ, ನಿಜ. ಆದರೆ ಕತ್ತರಿಸಿದ ತುದಿ ಸ್ಪ್ರಿಂಗಿನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಕಾರು ತಗ್ಗಿ ರಬ್ಬರಿನ ಬಂಪ್ ಸ್ಟಾಪರಿನ ಮೇಲೇ ಕೂರುತ್ತದೆ. ಆಗ ಸ್ಪ್ರಿಂಗಿನ ಕೆಲಸ ಮಾಡುವುದು ಆ ರಬ್ಬರು. ತಂತಿಯ ದಪ್ಪವಂತೂ ನಾಲ್ಕನೇ ಘಾತಕ್ಕೆ ಹೋಗುತ್ತದೆ: 12 ಮಿಲಿಮೀಟರಿನದು 13 ಆದರೆ ಶೇ. 38 ಬಿಗಿ. "ಒಂದೇ ಎಂಎಂ ಜಾಸ್ತಿ" ಅನ್ನುವ ಅಂಗಡಿಯವನ ಮಾತನ್ನು ಇದಕ್ಕೇ ನಂಬಬಾರದು.

ಖರ್ಚು ಮಾಡಬೇಕಾದ್ದು ಶಾಕ್ ಅಬ್ಸಾರ್ಬರಿಗೆ. ಸ್ಪ್ರಿಂಗು ಬಿಗಿಯಾದಷ್ಟೂ ಅದರ ಕುಣಿತ ತಡೆಯಲು ಶಾಕಿಗೂ ಕಸುವು ಬೇಕು. ಬಿಗಿ ನಾಲ್ಕು ಪಟ್ಟಾದರೆ ತಡೆ ಎರಡು ಪಟ್ಟು. ಕಂಪನಿ ಶಾಕಿನ ಜೊತೆ ಎಂಟು ಕೆಜಿ ಹಾಕಿದರೆ ಕಾರು ಹಂಪು ದಾಟಿದ ಮೇಲೂ ಕುಣಿಯುತ್ತಲೇ ಹೋಗುತ್ತದೆ.

ಹುಡುಗ ಅಲ್ಲೇ ಅಂಗಡಿಗೆ ಫೋನ್ ಹಚ್ಚಿದ. ಆ ಕಡೆಯವನ ಜೊತೆ ಮಾತಾಡಿ ನನ್ನ ಕಡೆ ತಿರುಗಿ, "ನಾಲ್ಕು ಸ್ಟಾಕ್ ಇಲ್ವಂತೆ ಅಂಕಲ್, ಆರು ಇದೆಯಂತೆ. ಡಿಸ್ಕೌಂಟೂ ಕೊಡ್ತಾನಂತೆ" ಅಂದ. ಚೀಟಿಯ ಮೂಲೆಯಲ್ಲಿ ಬರೆದು ನೋಡಿದೆ. ಆರಕ್ಕೆ 2.1 ಬರುತ್ತದೆ. "ಬೇಡ, ಕಾಯಿ. ಅಷ್ಟರೊಳಗೆ ಬ್ರೇಕ್ ಆಯಿಲ್ ಬದಲಿಸಿಕೋ" ಅಂದೆ.