ನೇಮಕವಿಲ್ಲದ ನೀರುಗಂಟಿ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ತೂಬೆತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವನನ್ನು ನೀರುಗಂಟಿ ಎನ್ನುತ್ತಿದ್ದರು. ಕೆರೆಗಳು ಬಡಾವಣೆಗಳಾದ ಮೇಲೆ ಬೆಂಗಳೂರಿನಲ್ಲಿ ಈ ಹುದ್ದೆ ಅಳಿದುಹೋಯಿತೆಂದು ಭಾವಿಸುವುದು ಸರಿಯಲ್ಲ. ಚಿಕ್ಕ ನಿವೇಶನಗಳಲ್ಲಿ ಮೂರು ಮಹಡಿ ಎಬ್ಬಿಸಿ, ಮೇಲಿನೆರಡನ್ನು ಬಾಡಿಗೆಗೆ ಕೊಟ್ಟಿರುವ ಕುರುಬರಹಳ್ಳಿಯಂತಹ ಕಡೆಗಳಲ್ಲಿ ಅದು ಸಂಬಳವಾಗಲಿ ನೇಮಕಪತ್ರವಾಗಲಿ ಇಲ್ಲದೆ ಮುಂದುವರಿದಿದೆ. ಈ ವರ್ಗಕ್ಕೆ ಸೇರಿದವರು ಬಹುಮಟ್ಟಿಗೆ ನಿವೃತ್ತರು, ನಿದ್ದೆ ಕಡಿಮೆ ಇರುವವರು, ಮತ್ತು ಎರಡು ಬೀದಿಯಾಚೆ ನೀರು ತೊಟ್ಟಿಕ್ಕಿದರೂ ಕೇಳಿಸಿಕೊಳ್ಳಬಲ್ಲವರು.

ಕಾವೇರಿ ನೀರು ಹೊತ್ತಲ್ಲದ ಹೊತ್ತಿನಲ್ಲಿ ಬರುವುದರಿಂದ, ಸಂಪು, ಎಂದರೆ ಮನೆಯ ಮುಂದೆ ನೆಲದೊಳಗೆ ಕಟ್ಟಿದ ತೊಟ್ಟಿ, ತುಂಬಿ ಹರಿಯುವುದೂ ಬೆಳಗಿನ ಜಾವಕ್ಕೇ. "ಏನ್ ಸಾರ್, ನೀವಿನ್ನೂ ಮಲಗಿದ್ದೀರಿ, ಕಾವೇರಮ್ಮ ಎದ್ದು ರೋಡಿಗೆ ಹೊರಟಳು" ಎಂದು ಗೇಟು ಬಡಿಯುವ ನೀರುಗಂಟಿಯು ವಾಲ್ವು ತಿರುಗಿಸಿದ ಮಾತ್ರಕ್ಕೆ ತೃಪ್ತನಾಗದೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿಸಿ ತಂದ ನೀರಿದು ಎಂಬುದನ್ನು, ಕಣ್ಣುಜ್ಜುತ್ತ ನಿಂತ ಮನೆಯೊಡೆಯನಿಗೆ ಮನದಟ್ಟು ಮಾಡುತ್ತಾನೆ. 1894ರ ಹೆಸರಘಟ್ಟ ಜಲಾಶಯದಿಂದ ಹೊರಟ ಈ ಪುರಾಣ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಹಾದು, 1974ರ ಕಾವೇರಿ ಯೋಜನೆಯ ಮೊದಲ ಹಂತಕ್ಕೆ ಬರುವಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರಿನದು. ಅದರಿಂದ ಪುರಾಣಕ್ಕೆ ಇನ್ನೊಂದು ಅಧ್ಯಾಯ ಸೇರಿದೆಯೆಂಬುದು ಬೀದಿಯವರ ದೂರು.

ಇವನ ವಿದ್ವತ್ತು ಪೂರ್ಣಕಳೆಯಲ್ಲಿ ಪ್ರಕಟವಾದದ್ದು 2024ರ ಬೇಸಿಗೆಯಲ್ಲಿ. ಬೋರ್‌ವೆಲ್‌ಗಳು ಬತ್ತಿದ್ದ ಆ ಮಾರ್ಚಿನಲ್ಲಿ ಜಲಮಂಡಳಿಯು ವಾಹನ ತೊಳೆಯುವುದಕ್ಕೆ, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರನ್ನು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತು, ಮತ್ತು ಆ ಸುದ್ದಿಯ ತುಣುಕು ಅಂದೇ ನೀರುಗಂಟಿಯ ಜೇಬು ಸೇರಿತು. ಆ ವಾರ ಕಾರಿಗೆ ಪೈಪು ಹಿಡಿದಿದ್ದ ನೆರೆಯವರೊಬ್ಬರು, ಎಲ್ಲರೂ ಹೇಳುವಂತೆ, "ಇದು ಬೋರ್ ನೀರು ಸಾರ್" ಎಂದರು. ನೀರುಗಂಟಿ ವಾದಕ್ಕಿಳಿಯಲಿಲ್ಲ. ಅದೇ ಜೇಬಿನಿಂದ, ಕಾಗದದಲ್ಲಿ ಸುತ್ತಿದ್ದ ಸವೆದ ಮೈಸೂರು ಸ್ಯಾಂಡಲ್ ಸೋಪಿನ ಬಿಲ್ಲೆಯನ್ನು ತೆಗೆದು, ಪೈಪಿನ ಬಾಯಿಗೆ ಅಂಗೈಯೊಡ್ಡಿ ತಿಕ್ಕತೊಡಗಿದ. ಬೋರ್ ನೀರು ಸಾಮಾನ್ಯವಾಗಿ ಗಡಸು, ಎಂದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಕೂಡಿ ಒಡೆದ ಹಾಲಿನಂತಹ ಗಸಿಯಾಗುತ್ತವೆಯೇ ಹೊರತು ನೊರೆ ಸುಲಭವಾಗಿ ಏಳುವುದಿಲ್ಲ. ಕಾವೇರಿಯ ನೀರಿನಲ್ಲಿ ಆ ಲವಣಗಳು ಕಡಿಮೆ. ನೊರೆ ಅಂಗೈ ತುಂಬಿ, ಮುಂಗೈಗಿಳಿದು, ಮೊಣಕೈಯಿಂದ ಕಾರಿನ ಬಾನೆಟ್ಟಿನ ಮೇಲೆ ತೊಟ್ಟಿಕ್ಕಿತು. ಶಾಸ್ತ್ರಗ್ರಂಥಗಳಲ್ಲಿ ಇಂತಹ ವಿವರಗಳಿಗೆ ಆಕರ ಹೇಳುವುದು ವಾಡಿಕೆ. ಇಲ್ಲಿ ಅದನ್ನು ಗೋಪ್ಯವಾಗಿಡಲಾಗಿದೆ, ಏಕೆಂದರೆ ಆ ಆಕರವೇ ಅಂದು ಪೈಪು ಹಿಡಿದು ನಿಂತಿತ್ತು.

ನಲ್ಲಿಯ ಲೈನಿಗೆ ನೇರವಾಗಿ ಮೋಟರ್ ಕೂಡಿಸಿ ನೀರೆಳೆಯುವವರ ಮೇಲೆ ಅವನಿಗಿರುವ ಸಿಟ್ಟು ಮಾತ್ರ ನ್ಯಾಯವಾದದ್ದು. ಹಾಗೆ ಎಳೆದಾಗ ಕೊಳವೆಯೊಳಗಿನ ಒತ್ತಡ ಕುಸಿಯುತ್ತದೆ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಅದರ ಕೊಳೆ ಕೊಳವೆಯ ಬಿರುಕುಗಳಿಂದ ಒಳನುಗ್ಗಿ, ಮೋಟರಿಲ್ಲದ ಬಡಪಾಯಿಯ ಬಿಂದಿಗೆಯನ್ನು ಸೇರುತ್ತದೆ. ಆದ್ದರಿಂದಲೇ ಅವನು ಮೊದಲು ಬಂದ ನೀರನ್ನು ಲೋಟದಲ್ಲಿ ಹಿಡಿದು, ಕ್ಲೋರಿನ್ ವಾಸನೆ ಇದೆಯೇ ಎಂದು ಮೂಸಿ, ದಾರಿಹೋಕರಿಗೂ ಮೂಸಲು ಕೊಡುತ್ತಾನೆ. ಕಾಫಿಗೆ ಮುಂಚೆ ಇದು ಯಾರಿಗೂ ಹಿತವಲ್ಲ.

ರಾಜಕಾಲುವೆಯನ್ನು, ಎಂದರೆ ಹಿಂದೆ ಮಳೆನೀರನ್ನು ಕೆರೆಯಿಂದ ಕೆರೆಗೆ ಒಯ್ಯುತ್ತಿದ್ದ ದೊಡ್ಡ ಕಾಲುವೆಯನ್ನು, ಬೀದಿಯ ಮಕ್ಕಳು ಮೋರಿ ಎಂದರೆ ಅವನು ಅಲ್ಲೇ ತಡೆದು ನಿಲ್ಲಿಸುತ್ತಾನೆ. ಅದು ವೃಷಭಾವತಿ ಕಣಿವೆಯ ನೀರು, ಬೈರಮಂಗಲದ ಕೆರೆಯನ್ನು ಹಾದು ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯನ್ನೇ ಸೇರುತ್ತದೆ ಎನ್ನುವಾಗ ಅವನ ದನಿಯಲ್ಲಿ ಗದರಿಕೆ ಇರುವುದಿಲ್ಲ. 2017ರ ಅಕ್ಟೋಬರ್‌ನಲ್ಲಿ ಇದೇ ಕಾಲುವೆ ಉಕ್ಕಿ ಕುರುಬರಹಳ್ಳಿಯಲ್ಲಿ ಜನ ಕೊಚ್ಚಿಹೋದರು. ಆ ರಾತ್ರಿಯ ನೀರಿನ ಬಗ್ಗೆ ಅವನು ಲೆಕ್ಕವನ್ನೂ ಹೇಳುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಮೇಲಕ್ಕೆ ಹತ್ತಿಸಿ ತಂದದ್ದಕ್ಕೆ ಬಿಲ್ಲು ಕಟ್ಟುವ ಊರು, ಕೆಳಗೆ ಹರಿಯಬಿಟ್ಟದ್ದನ್ನು ಕೇಳುವವರೇ ಇಲ್ಲವೆಂದುಕೊಂಡಿದೆ ಎಂಬುದು ಅವನ ಒಟ್ಟು ಕೊರಗು. ಅದನ್ನು ತಪ್ಪೆನ್ನಲು ಅವನ ವಿರೋಧಿಗಳಿಗೂ ಸಾಧ್ಯವಾಗಿಲ್ಲ.

ಟ್ಯಾಂಕರ್ ಬಂದ ದಿನ, ಅವನನ್ನು ಕಂಡು ಒಳಗೆ ಸರಿಯುತ್ತಿದ್ದವರೇ "ಕರೀರಿ ಅವರನ್ನ, ನೀರು ಹೇಗಿದೆ ನೋಡಲಿ" ಎಂದರು. ಬಂದವನು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕುಡಿಯುವುದಾದರೆ ಚೆನ್ನಾಗಿ ಕುದಿಸಬೇಕೆಂದು ತೀರ್ಪಿತ್ತು, ರಸ್ತೆಯ ಕೆಸರಿನಲ್ಲಿ ಎಳೆದಾಡಿದ ಪೈಪಿನ ತುದಿಯನ್ನು ತೊಳೆಯದೆ ಸಂಪಿಗೆ ಇಳಿಬಿಡಕೂಡದೆಂದು ಡ್ರೈವರನನ್ನು ಅಡ್ಡಗಟ್ಟಿದ. ಗೊಣಗುತ್ತಲೇ ಒಪ್ಪಿದ ಡ್ರೈವರನು ಬಕೆಟ್ಟಿಗೆ ಕೈಹಾಕಲು, ನೀರುಗಂಟಿ ಅದನ್ನು ಹಿಂದಕ್ಕೆಳೆದುಕೊಂಡು ಒಂದು ಚೊಂಬನ್ನು ಮುಂದೆ ಚಾಚಿದ.