ಫಲಕೋತ್ಥಾನ ಮೀಮಾಂಸೆ

ವಿದ್ಯಾರ್ಥಿಗಳು ವಾರಾಂತ್ಯದಲ್ಲಿ ಕೋಟು ತೊಟ್ಟು, ತಮ್ಮದಲ್ಲದ ದೇಶದ ಹೆಸರಿರುವ ರಟ್ಟನ್ನು ಮೇಲೆತ್ತಿ, ಲೋಕದ ಕಷ್ಟ ಪರಿಹರಿಸುವ ಕ್ರಿಯೆಗೆ ಮಾದರಿ ವಿಶ್ವಸಂಸ್ಥೆ ಎಂದು ಹೆಸರು. ಆಚರಿಸುವವರು ಚುಟುಕಾಗಿ ‘ಮನ್’ ಎನ್ನುತ್ತಾರೆ. ಬೆಂಗಳೂರಿನ ಕಾಲೇಜುಗಳಲ್ಲಿ ಇಷ್ಟು ಬಳಕೆಯಲ್ಲಿದ್ದರೂ ನಮ್ಮ ವಿದ್ವಾಂಸರ ದೃಷ್ಟಿ ಇತ್ತ ಹರಿದಿಲ್ಲ. ಆ ಕೊರತೆ ನೀಗಲೆಂದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, ಪ್ರತಿನಿಧಿಗಳ ಪಾಲಿನ ಊಟವನ್ನೂ ಉಂಡು, ಪ್ರಸ್ತುತ ಸಂಶೋಧನೆ ಕೈಗೊಳ್ಳಲಾಯಿತು.

ಮೊದಲು ಕಾಲನಿರ್ಣಯ. 1920ರ ದಶಕದಲ್ಲೇ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್‌ನ ಅಣಕು ಅಧಿವೇಶನಗಳು ನಡೆಯುತ್ತಿದ್ದವು. ಲೀಗ್ ಮುಳುಗಿತು, ಅಣಕು ಉಳಿಯಿತು. ಇನ್ನು 1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ರಾಮಸ್ವಾಮಿ ಮೊದಲಿಯಾರರು ಮರುವರ್ಷ ಮೈಸೂರಿನ ದಿವಾನರಾದರು. ಆದಕಾರಣ ವಿಶ್ವಸಂಸ್ಥೆ ಮೂಲತಃ ಮೈಸೂರಿನದೆಂದು ವಾದಿಸಲು ಅಡ್ಡಿಯಿಲ್ಲ. ನಮ್ಮಲ್ಲಿ ಯಾವುದು ತಾನೆ ಮೂಲತಃ ಮೈಸೂರಿನದಲ್ಲ?

ಈ ಶಾಸ್ತ್ರದ ಪ್ರಥಮ ನಿಯಮ ಅಹಂಕಾರನಾಶ. ‘ನಾನು’ ಎನ್ನುವಂತಿಲ್ಲ, ದೇಶವೇ ಮಾತನಾಡಬೇಕು. ನಮ್ಮ ಋಷಿಗಳಿಗೆ ಜನ್ಮಾಂತರಗಳು ಹಿಡಿದ ಈ ಸಾಧನೆಯನ್ನು ಬಿ.ಕಾಂ. ಎರಡನೇ ವರ್ಷದ ಹುಡುಗರು ನೋಂದಣಿ ಶುಲ್ಕ ಕಟ್ಟಿ ಅರ್ಧ ಗಂಟೆಯಲ್ಲಿ ಪಡೆಯುತ್ತಾರೆ. ನಮ್ಮ ಮುಂದಿನ ಸಾಲಿನಲ್ಲೇ ಒಬ್ಬ ಹುಡುಗಿ ಎ.ಸಿ.ಯ ನೇರ ಕೆಳಗೆ ಕುಳಿತಿದ್ದಳು. ಬಹಳ ಹೊತ್ತು ಕೋಟಿನ ತೋಳು ಎಳೆದುಕೊಂಡು ಸಹಿಸಿ, ಕೊನೆಗೆ ರಟ್ಟು ಎತ್ತಿ, ಸ್ವಂತ ಅನನುಕೂಲ ಹೇಳಿಕೊಳ್ಳುವ ವಿಧಿಯಂತೆ, ‘ಪಾಯಿಂಟ್ ಆಫ್ ಪರ್ಸನಲ್ ಪ್ರಿವಿಲೇಜ್, ಚೇರ್. ನೌರು ದೇಶಕ್ಕೆ ಚಳಿಯಾಗುತ್ತಿದೆ’ ಎಂದಳು. ನೌರು ಭೂಮಧ್ಯರೇಖೆಯ ಪಕ್ಕದಲ್ಲಿರುವ ದ್ವೀಪ. ಚೇರ್, ಅಂದರೆ ಸಭಾಧ್ಯಕ್ಷರು, ಗಂಭೀರವಾಗಿ ತಲೆಯಾಡಿಸಿದರು. ರಿಮೋಟ್ ಸಿಗಲಿಲ್ಲ.

ಭಾಷಣದ ಪ್ರಮಾಣವೂ ಚಿಂತನಾರ್ಹ. 1957ರ ಜನವರಿಯಲ್ಲಿ ಭಾರತದ ಪ್ರತಿನಿಧಿ ಕೃಷ್ಣ ಮೆನನ್ನರು ಕಾಶ್ಮೀರದ ಬಗ್ಗೆ ಭದ್ರತಾ ಮಂಡಳಿಯಲ್ಲಿ ಹೆಚ್ಚುಕಡಿಮೆ ಎಂಟು ತಾಸು ಮಾತನಾಡಿದರು. ಇಲ್ಲಿ ತಲಾ ಅರವತ್ತು ಸೆಕೆಂಡು. ಮೆನನ್ನರ ಒಂದು ಭಾಷಣದಲ್ಲಿ ಸುಮಾರು 480 ಪ್ರತಿನಿಧಿಗಳನ್ನು ಮುಗಿಸಬಹುದಿತ್ತು. ಅವರಲ್ಲಿ 400 ಮಂದಿಯಾದರೂ ‘ಹಿಂದೆ ಮಾತನಾಡಿದ ಪ್ರತಿನಿಧಿಯನ್ನು ಬೆಂಬಲಿಸುತ್ತೇವೆ’ ಎನ್ನುತ್ತಿದ್ದರೆಂದು ಸಂಶೋಧಕನ ಊಹೆ.

ನಿಜವಾದ ರಾಜತಾಂತ್ರಿಕತೆ ನಡೆಯುವುದು ಅನ್‌ಮಾಡರೇಟೆಡ್ ಕಾಕಸ್ ಎಂಬ ಘಟ್ಟದಲ್ಲಿ, ಅಂದರೆ ಎಲ್ಲರೂ ಎದ್ದು ಒಟ್ಟಿಗೆ ಮಾತನಾಡುವಾಗ. ಎರಡು ಬಣ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ನಿರ್ಣಯ ಬರೆಯುತ್ತವೆ. ವಿಷಯದಲ್ಲಿ ಭೇದವಿಲ್ಲ, ಸ್ಪಾನ್ಸರ್ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂಬಲ್ಲಿ ಮಾತ್ರ ಭೇದ. ವಿಶ್ವಸಂಸ್ಥೆಯ ನಿರ್ಣಯ ಎಷ್ಟೇ ಪುಟವಿದ್ದರೂ ಒಂದೇ ವಾಕ್ಯ, ಪೂರ್ಣವಿರಾಮ ಕಟ್ಟಕಡೆಗೆ. ಮಕ್ಕಳು ಇದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ‘ತೀವ್ರ ಕಳವಳದಿಂದ ಗಮನಿಸುತ್ತಾ’ ಎಂದು ಶುರುವಾದದ್ದು ಚಹಾದ ಹೊತ್ತಿಗೂ ಗಮನಿಸುತ್ತಲೇ ಇತ್ತು.

ಪೂರ್ವಪಕ್ಷ: ಇದು ಬರೀ ನಾಟಕ, ಮೂಲದ ನೆರಳು. ಸಿದ್ಧಾಂತ: ಅಲ್ಲ. ಮೂಲದ ಭದ್ರತಾ ಮಂಡಳಿಯಲ್ಲಿ ಹದಿನೈದು ಸದಸ್ಯರ ಪೈಕಿ ಹದಿನಾಲ್ವರು ಒಪ್ಪಿದರೂ ಐವರು ಕಾಯಂ ಸದಸ್ಯರಲ್ಲಿ ಒಬ್ಬರು ಬೇಡವೆಂದರೆ ನಿರ್ಣಯ ಬಿದ್ದುಹೋಗುತ್ತದೆ. ಹೀಗೆ ಬಿದ್ದವು ಎಷ್ಟೋ. ಇಲ್ಲಿ ಭಾನುವಾರ ಸಂಜೆ ಐದಕ್ಕೆ ಹಾಲ್ ಖಾಲಿ ಮಾಡಬೇಕಾದ್ದರಿಂದ ನಾಲ್ಕೂವರೆಗೆ ವಿಶ್ವಶಾಂತಿ ಸಿದ್ಧ. ಹಾಲ್ ಬಾಡಿಗೆಗಿರುವ ಈ ಶಕ್ತಿಯನ್ನು ನ್ಯೂಯಾರ್ಕಿನವರು ಇನ್ನೂ ಪರೀಕ್ಷಿಸಿಲ್ಲ.

ಇನ್ನು ನೌರು. ವಿಸ್ತೀರ್ಣ 21 ಚದರ ಕಿ.ಮೀ., ಅಂದರೆ ಇಪ್ಪತ್ತೊಂದು ಲಾಲ್‌ಬಾಗಿಗಿಂತ ತುಸು ಹೆಚ್ಚು. 1999ರಿಂದ ವಿಶ್ವಸಂಸ್ಥೆಯ ಸದಸ್ಯ. ಮಹಾಸಭೆಯಲ್ಲಿ ಅದರ ಮತಕ್ಕೂ ಚೀನಾದ ಮತಕ್ಕೂ ಒಂದೇ ತೂಕ. ಆ ಹುಡುಗಿ ಅಲ್ಲಿಯ ಫಾಸ್ಫೇಟ್ ಗಣಿಗಾರಿಕೆಯ ಚರಿತ್ರೆಯನ್ನೆಲ್ಲ ಓದಿಕೊಂಡು ಬಂದಿದ್ದಳು. ಅವಳ ಇಂಗ್ಲಿಷ್ ತಡೆತಡೆದು ಬರುತ್ತಿತ್ತು, ವಿಷಯ ತಡೆಯುತ್ತಿರಲಿಲ್ಲ. ಚೇರ್ ಅವಳ ರಟ್ಟನ್ನು ಕಂಡದ್ದು ಕಡಿಮೆ. ಉತ್ತಮ ಪ್ರತಿನಿಧಿ ಪ್ರಶಸ್ತಿ ಅಮೆರಿಕಕ್ಕೆ ಹೋಯಿತು. ಅಮೆರಿಕವನ್ನು ಅನುಭವಸ್ಥರಿಗೆ ಕೊಡುವುದು, ಅಮೆರಿಕ ಸಿಕ್ಕವರು ಅನುಭವಸ್ಥರಾಗುವುದು, ಇದು ಬೀಜವೃಕ್ಷ ನ್ಯಾಯ.

ನ್ಯೂಯಾರ್ಕಿನ ಮಹಾಸಭೆಯಲ್ಲಿ ಪ್ರತಿ ಅಧಿವೇಶನಕ್ಕೂ ಮೊದಲ ಆಸನ ಯಾರಿಗೆಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಉಳಿದವರು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಅದರ ಹಿಂದೆ ಕೂರುತ್ತಾರೆ. ಕೋಟಿನಿಂದ ಪೂರ್ಣವಿರಾಮದವರೆಗೆ ಎಲ್ಲವನ್ನೂ ಅನುಕರಿಸಿರುವ ಸಂಘಟಕರು ಇದೊಂದನ್ನು ಏಕೆ ಬಿಟ್ಟರೋ. ಮುಂದಿನ ವರ್ಷ ದೇಶಗಳನ್ನು ಚೀಟಿ ಎತ್ತಿ ಹಂಚಿ, ಸ್ವಾಮಿ. ಹಾಗೆಯೇ ಆ ರಿಮೋಟನ್ನೂ ಹುಡುಕಿಡಿ.